ಶಾಂತಿ ಸಭೆಗೆ ಯಾರನ್ನು ಕರೆಯುತ್ತಾರೆ?

ಅಕ್ಟೋಬರ್ 30ರ ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಹತ್ತಿರ ಮೀನು ತರಲು ಹೋಗಿದ್ದೆ. ಮರುದಿನ ಕಾಲೇಜಿನಲ್ಲಿ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 1325ನೇ ನಿರ್ಣಯದ ಬಗ್ಗೆ ಮಾತಾಡಬೇಕಿತ್ತು. 2000ದ ಅಕ್ಟೋಬರ್ 31ಕ್ಕೆ ಪಾಸಾದದ್ದು ಅದು. ಯುದ್ಧ ನಿಲ್ಲಿಸುವ ಮಾತುಕತೆಯಲ್ಲಿ, ಶಾಂತಿಪಡೆಯಲ್ಲಿ ಹೆಂಗಸರೂ ಇರಬೇಕು ಅಂತ ಅದು ಹೇಳುತ್ತದೆ. ಬರೆದಿಟ್ಟ ಭಾಷಣ ಬ್ಯಾಗಲ್ಲೇ ಇತ್ತು. ಓದಿದರೆ ಸಪ್ಪೆ.

ನಾನು ಯಾವಾಗಲೂ ಮೀನು ತಗೊಳ್ಳುವ ಅಕ್ಕ ಬಂಗುಡೆಯ ಕಿವಿರು ತೆಗೆಯುತ್ತಾ, "ನಾಳೆ ಎಂಥ ಟೀಚರ್, ಕಾರ್ಯಕ್ರಮವಾ?" ಅಂದರು. ಸುಮ್ನೆ ಆಫ್ರಿಕಾದ ಲೈಬೀರಿಯಾದ ಕಥೆ ಹೇಳಿದೆ. 2003ರಲ್ಲಿ ಅಲ್ಲಿ ಅಂತರ್ಯುದ್ಧ. ರಾಜಧಾನಿ ಮನ್ರೋವಿಯಾದಲ್ಲಿ ಕ್ರಿಶ್ಚಿಯನ್, ಮುಸ್ಲಿಂ ಹೆಂಗಸರು ಒಟ್ಟಾಗಿ ಬಿಳಿ ಬಟ್ಟೆ ಹಾಕಿಕೊಂಡು ಮೀನು ಮಾರ್ಕೆಟ್ ಹತ್ತಿರದ ಮೈದಾನದಲ್ಲಿ ದಿನವೂ ಬಿಸಿಲು ಮಳೆ ನೋಡದೆ ಕೂತರು. ಆಮೇಲೆ ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ಎಳೆಯುತ್ತಲೇ ಹೋದಾಗ ಈ ಹೆಂಗಸರ ಮುಂದಾಳು ಲೇಮಾ ಬೋವಿ ಮತ್ತು ಜೊತೆಯವರು ಸಭೆಯ ಬಾಗಿಲಲ್ಲೇ ಕೂತುಬಿಟ್ಟರು, ಒಳಗಿದ್ದ ಗಂಡಸರನ್ನು ಹೊರಗೆ ಬಿಡಲಿಲ್ಲ. ಬಂಧಿಸಲು ಬಂದಾಗ ಆಕೆ ಬಟ್ಟೆ ಬಿಚ್ಚುತ್ತೇನೆ ಅಂದರು. ತಾಯಿಯಾದವಳು ಹಾಗೆ ಮಾಡಿದರೆ ಅಲ್ಲಿ ಅದು ದೊಡ್ಡ ಶಾಪ. ಆಗಸ್ಟ್‌ನಲ್ಲಿ ಒಪ್ಪಂದ ಆಯಿತು. 2011ರಲ್ಲಿ ಬೋವಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ಸಿಆರ್‌ಪಿಎಫ್ ಹೆಂಗಸರ ತುಕಡಿಯೂ 2007ರಲ್ಲಿ ಅದೇ ದೇಶಕ್ಕೆ ಕಾವಲಿಗೆ ಹೋಗಿತ್ತು. ವಿಶ್ವಸಂಸ್ಥೆಯ ಕೆಲಸಕ್ಕೆ ಹೋದ ಮೊದಲ ಪೂರ್ತಿ ಮಹಿಳಾ ಪೊಲೀಸ್ ತುಕಡಿ ಅದು!

ಅಕ್ಕನ ಕತ್ತಿ ನಿಂತಿತ್ತು.

"2019ರಲ್ಲಿ ಇಲ್ಲಿ ಕರ್ಫ್ಯೂ ಬಿತ್ತಲ್ಲ ಟೀಚರ್, ಆಗ ನನಗೆ ಒಂದು ಪೈಸೆ ವ್ಯಾಪಾರ ಇಲ್ಲ. ಮೊದಲು ಬುಟ್ಟಿ ಹೊತ್ತು ಮನೆಮನೆಗೆ ಹೋಗ್ತಿದ್ದೆ. ಹಿಂದೂಗಳ ಮನೆ, ಬ್ಯಾರಿ ಮುಸ್ಲಿಮರ ಮನೆ, ಪೊರ್ಬು ಕ್ರಿಶ್ಚಿಯನ್ನರ ಮನೆ, ಎಲ್ಲ ಕಡೆ ಅಡುಗೆಮನೆಯವರೆಗೂ. ಯಾವ ಮನೆಯಲ್ಲಿ ಹೆದರಿಕೆ ಉಂಟು, ಯಾವ ಹುಡುಗ ರಾತ್ರಿ ಮನೆಗೆ ಬರ್ತಿಲ್ಲ, ನಮಗೆ ಗೊತ್ತಾಗ್ತದೆ. ಗಲಾಟೆ ಆದ ಮೇಲೆ ಶಾಂತಿ ಸಭೆ ಮಾಡ್ತಾರಲ್ಲ, ನಮ್ಮ ಕಡೆ ಅದಕ್ಕೆ ಹೋಗುವುದು ಗಂಡಸರೇ. ನಮ್ಮನ್ನು ಒಂದು ಮಾತು ಕೇಳಿದ್ದಿಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಆದರೆ ಭದ್ರತೆ ಅಂದರೆ ಗಡಿ, ಸೈನ್ಯ, ನ್ಯೂಯಾರ್ಕ್ ಅಂತಲೇ ಹೇಳಿಕೊಟ್ಟಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಊರಿನ ನಾಡಿ ಹಿಡಿಯುವವರು ನನ್ನ ನೋಟ್ಸಿನಲ್ಲಿ ಎಲ್ಲೂ ಇರಲಿಲ್ಲ. ಬೇಜಾರಾಯಿತು, ನಿಜಕ್ಕೂ.

ಮರುದಿನ ಬರೆದಿಟ್ಟದ್ದನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಹೆಸರು ಹೇಳದೆ ಅಕ್ಕನ ಮಾತಿನಿಂದಲೇ ಶುರು ಮಾಡಿದೆ.

ಮುಂದಿನ ವಾರ ಹೋದಾಗ ಅವರು ಕೇಳಿದ್ದು ಒಂದೇ. "ಆ ಬಾಗಿಲಲ್ಲಿ ಕೂತದ್ದು ಹೇಳಿದ್ರಾ ಟೀಚರ್?"