ಟ್ರ್ಯಾಕರ್ ಇಲ್ಲದೆ ಮಹಾವ್ಯಾಧ

ನನ್ನ ಹತ್ತಿರ ಇರುವುದು ಒಂದು ಹಳೆಯ ಫುಲ್ ಫ್ರೇಮ್ ಕ್ಯಾಮೆರಾ, ಒಂದು 50 ಎಂಎಂ ಲೆನ್ಸ್, ಒಂದು ಟ್ರೈಪಾಡ್. ರಾತ್ರಿ ಆಕಾಶದ ಫೋಟೋ ತೆಗೀತೀನಿ ಅಂದರೆ ಈ ಹುಚ್ಚು ಇರುವವರು ಮೊದಲು ಕೇಳುವುದೇ "ಯಾವ ಟ್ರ್ಯಾಕರ್?" ಅಂತ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುವ ಯಂತ್ರ ಅದು. ನನ್ನ ಹತ್ತಿರ ಇಲ್ಲ. ಬೇಕು ಅಂತ ಇನ್ನೂ ಅನಿಸಿಲ್ಲ. ಅದಿಲ್ಲದೆ ಎಲ್ಲಿವರೆಗೆ ಹೋಗಬಹುದು ನೋಡೋಣ ಅನ್ನುವುದೇ ನನಗೆ ಜಾಸ್ತಿ ಖುಷಿ.

ಹೊಸಬರು ಸಾಮಾನ್ಯವಾಗಿ ಆಕಾಶಗಂಗೆಯಿಂದ ಶುರು ಮಾಡುತ್ತಾರೆ. ನಾನು ಮಹಾವ್ಯಾಧನಿಂದ, ಅಂದರೆ ಓರಿಯನ್ ನಕ್ಷತ್ರಪುಂಜದಿಂದ, ಶುರು ಮಾಡಿ ಅಂತೀನಿ. ಒಂದೇ ಸಾಲಲ್ಲಿ ಮೂರು ನಕ್ಷತ್ರ, ಬೀದಿದೀಪದ ನಡುವೆಯೂ ಕಣ್ಣಿಗೆ ಬೀಳುತ್ತವೆ, ಹುಡುಕುವ ಕಷ್ಟವೇ ಇಲ್ಲ. ಅದರ ಪಕ್ಕದಲ್ಲಿ ಕತ್ತಿ ಅಂತ ಕರೆಯುವ ಪುಟ್ಟ ಸಾಲು. ಆ ಸಾಲಿನ ನಡುವಿನ ಚುಕ್ಕಿ ಸ್ವಲ್ಪ ಮಸುಕು ಮಸುಕಾಗಿದೆ ಅಲ್ವಾ? ಅದೇ ಎಂ42 ನೀಹಾರಿಕೆ. ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ.

ಅದನ್ನು ಮೊದಲು ಫೋಟೋ ಹಿಡಿದವರು ಹೆನ್ರಿ ಡ್ರೇಪರ್, 1880ರಲ್ಲಿ. ಓದಿದ್ದು ವೈದ್ಯಕೀಯ. ಒಂದೇ ಫೋಟೋ ಪ್ಲೇಟಿಗೆ 51 ನಿಮಿಷ ಬೆಳಕು ಕುಡಿಸಿದ್ದರು. 1883ರಲ್ಲಿ ಆಂಡ್ರ್ಯೂ ಕಾಮನ್ ಎಂಬ ಎಂಜಿನಿಯರ್ ತಮ್ಮ ಮನೆಯ ತೋಟದಲ್ಲೇ 36 ಇಂಚಿನ ಕನ್ನಡಿಯ ಟೆಲಿಸ್ಕೋಪ್ ಇಟ್ಟುಕೊಂಡು ಇದೇ ನೀಹಾರಿಕೆಯನ್ನು ತೆಗೆದರು. ಆ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಪ್ಲೇಟಿನ ಮೇಲೆ ಮೂಡಿದವು. ಇಬ್ಬರೂ ಹವ್ಯಾಸಿಗಳೇ. ಅವರ ಟೆಲಿಸ್ಕೋಪು ಆಕಾಶದ ಜೊತೆ ತಿರುಗುತ್ತಿತ್ತು, ನನ್ನ ಟ್ರೈಪಾಡ್ ತಿರುಗುವುದಿಲ್ಲ. ಅಷ್ಟೇ ವ್ಯತ್ಯಾಸ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ.

ತಿರುಗದಿದ್ದರೆ ಏನಾಗುತ್ತದೆ? ಆಕಾಶ ಗಂಟೆಗೆ 15 ಡಿಗ್ರಿ ಓಡುತ್ತದೆ. ಶಟರ್ ತುಂಬಾ ಹೊತ್ತು ತೆರೆದಿಟ್ಟರೆ ಚುಕ್ಕಿ ಗೀಟಾಗುತ್ತದೆ. ಇದಕ್ಕೆ ಎಲ್ಲರೂ ಹೇಳಿಕೊಡುವುದು 500ರ ಲೆಕ್ಕ: 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಅಷ್ಟು ಸೆಕೆಂಡು ಕೊಡಿ. 50 ಎಂಎಂಗೆ 10 ಸೆಕೆಂಡು. ನನ್ನನ್ನು ಕೇಳಿದರೆ ಇದು ತೀರಾ ಧಾರಾಳ. ನನ್ನ ಕ್ಯಾಮೆರಾದ ಪಿಕ್ಸೆಲ್ 6 ಮೈಕ್ರಾನ್. ಲೆಕ್ಕ ಹಾಕಿದರೆ 10 ಸೆಕೆಂಡಿನಲ್ಲಿ ನಕ್ಷತ್ರ 6 ಪಿಕ್ಸೆಲ್ ದಾಟಿಬಿಟ್ಟಿರುತ್ತದೆ. ಅದರಲ್ಲೂ ಮಹಾವ್ಯಾಧ ಇರುವುದು ಆಕಾಶದ ಸಮಭಾಜಕದ ಮೇಲೆ (ಭೂಮಿಯ ಸಮಭಾಜಕಕ್ಕೆ ನೇರ ಮೇಲಿನ ಗೆರೆ), ಓಟ ಎಲ್ಲಕ್ಕಿಂತ ಜೋರಾಗಿರುವ ಜಾಗ. ಹಾಗಾಗಿ ನಾನು 4 ಸೆಕೆಂಡಿಗೇ ನಿಲ್ಲಿಸುತ್ತೇನೆ. ಐಎಸ್ಒ, ಅಂದರೆ ಬೆಳಕಿನ ಸೂಕ್ಷ್ಮತೆಯ ಸೆಟ್ಟಿಂಗ್, 1600. ಲೆನ್ಸಿನ ಕಿಂಡಿ ಎಫ್/1.8ವರೆಗೆ ತೆರೆಯುತ್ತದೆ ನಿಜ, ಆದರೆ ಆಗ ಮೂಲೆಯ ನಕ್ಷತ್ರಗಳಿಗೆ ಹಕ್ಕಿಯ ಹಾಗೆ ರೆಕ್ಕೆ ಬರುತ್ತವೆ. ಎಫ್/2.8ಕ್ಕೆ ಕಿರಿದು ಮಾಡಿದರೆ ಸುಮಾರಾಗಿ ಸರಿಹೋಗುತ್ತದೆ.

ಇನ್ನು ಫೋಕಸ್. ಆಟೋಫೋಕಸ್ ಕತ್ತಲಲ್ಲಿ ಸುಮ್ನೆ ತಡಕಾಡುತ್ತದೆ, ಆಫ್ ಮಾಡಿ. ಲೆನ್ಸ್ ಮೇಲಿನ ಇನ್ಫಿನಿಟಿ ಗುರುತನ್ನೂ ನಂಬಬೇಡಿ. ಲೈವ್ ವ್ಯೂ ಹಾಕಿ (ಕ್ಯಾಮೆರಾದ ಪರದೆಯಲ್ಲೇ ನೋಡುವುದು), ರಾತ್ರಿ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ ಲುಬ್ಧಕವನ್ನು (ಸಿರಿಯಸ್) ನಡುವೆ ತಂದು, 10 ಪಟ್ಟು ದೊಡ್ಡದು ಮಾಡಿ ನೋಡುತ್ತಾ ರಿಂಗ್ ತಿರುಗಿಸಬೇಕು. ದುಂಡನೆಯ ಬಿಲ್ಲೆ ಕುಗ್ಗುತ್ತಾ ಕುಗ್ಗುತ್ತಾ ಚುಕ್ಕಿಯಾಗುತ್ತದೆ, ಕೂದಲೆಳೆ ಮುಂದೆ ಹೋದರೂ ಮತ್ತೆ ಊದಿಕೊಳ್ಳುತ್ತದೆ. ಲುಬ್ಧಕ ಎಷ್ಟು ಪ್ರಕಾಶಮಾನ ಅಂದರೆ, ಎಲ್ಲಿ ತೀರಾ ಚಿಕ್ಕದಾಯಿತು ಅಂತ ಅದನ್ನೇ ನೋಡಿ ಹೇಳುವುದು ಕಷ್ಟ. ನಾನು ನೋಡುವುದು ಅದರ ಆಚೀಚೆ ಇರುವ ಬಡಪಾಯಿ ನಕ್ಷತ್ರಗಳನ್ನು. ಫೋಕಸ್ ಸ್ವಲ್ಪ ತಪ್ಪಿದರೂ ಅವು ಮಾಯ. ಸರಿಯಾದ ಜಾಗದಲ್ಲಿ ಮಾತ್ರ ಪರದೆಯ ಮೇಲೆ ತಟ್ಟನೆ ಮೂಡುತ್ತವೆ. ಅಲ್ಲೇ ಕೈ ಬಿಟ್ಟು ರಿಂಗಿಗೆ ಟೇಪ್ ಅಂಟಿಸಿಬಿಡುತ್ತೇನೆ. ರಾತ್ರಿ ತಣ್ಣಗಾಗುತ್ತಾ ಹೋದಂತೆ ಫೋಕಸ್ ಕೂಡ ಸರಿಯಬಹುದು, ಆಗಾಗ ಟೇಪ್ ಕಿತ್ತು ನೋಡಬೇಕು. ಲೆನ್ಸಿನ ಮೇಲೆ ಇಬ್ಬನಿ ಕೂತಿದೆಯಾ ಅಂತಲೂ ಆಗಲೇ ನೋಡಿಬಿಡಿ.

4 ಸೆಕೆಂಡಿನ ಒಂದು ಚಿತ್ರದಲ್ಲಿ ಏನೂ ಇರುವುದಿಲ್ಲ. ಕಪ್ಪು, ಅದರಲ್ಲಿ ನಕ್ಷತ್ರ, ಜೊತೆಗೆ ಮರಳು ಎರಚಿದಂಥ ನಾಯ್ಸ್. ಕೆಲಸ ಇರುವುದು ಕೂಡಿಸುವುದರಲ್ಲಿ. 225 ಚಿತ್ರ ತೆಗೆದರೆ 15 ನಿಮಿಷದ ಬೆಳಕು ಆಯಿತು. ನಾಯ್ಸ್ ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ, ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿದರೆ ನೀಹಾರಿಕೆ ಮಾತ್ರ ಅಲ್ಲೇ ಇರುತ್ತದೆ. ಸರಾಸರಿ ತೆಗೆದರೆ ನಾಯ್ಸ್ 225ರ ವರ್ಗಮೂಲದಷ್ಟು, ಅಂದರೆ 15 ಪಟ್ಟು ಕಡಿಮೆ. ಇದನ್ನು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಎಂಬ ಸಾಫ್ಟ್‌ವೇರ್‌ಗಳು ಮಾಡಿಕೊಡುತ್ತವೆ, ಎರಡೂ ಉಚಿತ. ಅಡ್ಡ ಬಂದ ಸ್ಯಾಟಲೈಟ್ ಗೀಟುಗಳನ್ನೂ ಗುರುತಿಸಿ ಹೊರಗೆ ಹಾಕುತ್ತವೆ. ಅಷ್ಟು ಹೊತ್ತಿಗೆ ಮಹಾವ್ಯಾಧ ಸುಮಾರು 4 ಡಿಗ್ರಿ ಸರಿದಿರುತ್ತಾನೆ, 50 ಎಂಎಂನ ಅಗಲಕ್ಕೆ ಅದೇನೂ ಲೆಕ್ಕಕ್ಕಿಲ್ಲ. ಕೊನೆಗೆ ಲೆನ್ಸ್ ಮುಚ್ಚಿ ಅದೇ 4 ಸೆಕೆಂಡಿನ ಕೆಲವು ಡಾರ್ಕ್ ಫ್ರೇಮ್ ತೆಗೆದುಕೊಳ್ಳಿ. ಬೆಳಕಿಲ್ಲದೆಯೂ ಹೊಳೆಯುವ ಸೆನ್ಸರಿನ ಹಾಟ್ ಪಿಕ್ಸೆಲ್ ಕಳೆಯಲು ಅವು ಬೇಕು.

ಹೀಗೆ ಕೂಡಿಸಿದ (ಸ್ಟ್ಯಾಕ್ ಆದ) ಫೈಲ್ ತೆರೆದಾಗಲೂ ಮೊದಲಿಗೆ ಕಪ್ಪೇ. ಹೊಳಪು ಹೆಚ್ಚಿಸುವ ಕರ್ವ್ ನಿಧಾನಕ್ಕೆ ಎಳೆದಂತೆ ಕತ್ತಿಯ ನಡುವೆ ರೆಕ್ಕೆ ಬಿಚ್ಚಿಕೊಂಡು ಎಂ42 ಬರುತ್ತದೆ. ಇಲ್ಲಿ ಬಹಳ ಜನರ ಕೈ ಜೋರಾಗುತ್ತದೆ, ಬಣ್ಣ ತುಂಬುತ್ತಲೇ ಹೋಗುತ್ತಾರೆ. ನನಗದು ಸೇರುವುದಿಲ್ಲ. ನೀಹಾರಿಕೆಯ ಹೈಡ್ರೋಜನ್ ಕೆಂಪು ಇರುವುದು 656 ನ್ಯಾನೊಮೀಟರಿನಲ್ಲಿ, ಮಾಮೂಲಿ ಕ್ಯಾಮೆರಾದ ಫಿಲ್ಟರ್ ಅದರಲ್ಲಿ ಬಹುಪಾಲನ್ನು ತಡೆದುಬಿಡುತ್ತದೆ. ಸಿಗುವುದು ತಿಳಿ ಗುಲಾಬಿ. ಅಷ್ಟಕ್ಕೇ ಬಿಡಿ. ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯಲು ಮಹಾವ್ಯಾಧನಲ್ಲೇ ಇರುವ ಆರ್ದ್ರಾ ಮತ್ತು ರೀಗಲ್ ನಕ್ಷತ್ರಗಳನ್ನು ನೋಡಿ. ಒಂದು ಕಿತ್ತಳೆ, ಇನ್ನೊಂದು ನೀಲಿ ಬೆರೆತ ಬಿಳಿ. ನಿಮ್ಮ ಚಿತ್ರದಲ್ಲಿ ಎರಡೂ ಒಂದೇ ಬಣ್ಣ ಆಗಿದ್ದರೆ ಎಳೆದದ್ದು ಜಾಸ್ತಿ ಆಯಿತು.

ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತಾ, ತಿಂಗಳಿಗೆ 2 ಗಂಟೆ ಮುಂಚೆ ಬರುತ್ತವೆ. ಹಾಗಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಅಮಾವಾಸ್ಯೆಗಳೇ ಮಹಾವ್ಯಾಧನಿಗೆ ಒಳ್ಳೆಯವು. ಜೂನ್ ಹೊತ್ತಿಗೆ ಅವನು ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗುತ್ತಾನೆ. ಆಗ ನಾನು ವೃಶ್ಚಿಕದ ಜ್ಯೇಷ್ಠಾ ಕಡೆ ತಿರುಗುತ್ತೇನೆ. ಅದು ಸಮಭಾಜಕದಿಂದ 26 ಡಿಗ್ರಿ ದಕ್ಷಿಣಕ್ಕಿದೆ, ಓಟ ತುಸು ನಿಧಾನ. ಅಲ್ಲಿ 5 ಸೆಕೆಂಡು ಕೊಟ್ಟರೂ ನಡೆಯುತ್ತದೆ.