ಕಬ್ಬಿಣದ ಕೊಳವೆಯೊಳಗೆ ಓಡುವ ರೈಲು: ಕಾನ್ವಿಯಿಂದ ಮೆನಾಯ್‌ಗೆ

ಉತ್ತರ ವೇಲ್ಸ್‌ಗೆ ಹೋದವರು ಹೆಚ್ಚಾಗಿ ಕೋಟೆ, ಕಡಲತೀರ ನೋಡಿ ವಾಪಸ್ ಬರುತ್ತಾರೆ. ಹಳೇ ರೈಲು, ಸೇತುವೆ ಅಂದ್ರೆ ಇಷ್ಟಪಡುವವರು ಕಾನ್ವಿ, ಮೆನಾಯ್‌ಗಳಿಗೆ ಅಂತಲೇ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ.

ಚೆಸ್ಟರ್‌ನಲ್ಲಿ ರೈಲು ಹತ್ತಿ ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆ ಸಿಗುತ್ತದೆ. ಊರು ದಾಟುವಾಗಲೇ ಡೀ ನದಿ ಬರುತ್ತದೆ. ಇಲ್ಲಿ ರೈಲ್ವೆ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿಸಿದ್ದ ಎರಕದ ಕಬ್ಬಿಣದ ಸೇತುವೆ 1847ರಲ್ಲಿ ರೈಲು ಸಾಗುತ್ತಿದ್ದಾಗಲೇ ಮುರಿದು ಐದು ಜನ ಸತ್ತರು. ಇದೇ ಮಾರ್ಗದ ಇನ್ನೆರಡು ದೊಡ್ಡ ಸೇತುವೆಗಳೂ ಆಗ ಅವರದೇ ಜವಾಬ್ದಾರಿ. ಮುಂದೆ ನೋಡುವುದನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ನೋಡಬೇಕು.

ಲ್ಯಾಂಡಡ್ನೋ ಜಂಕ್ಷನ್‌ನಲ್ಲಿ ಇಳಿದು ಕಾನ್ವಿಗೆ ನಡೆದೇ ಹೋಗಿ. ಕೋಟೆಯ ಬುಡದಲ್ಲೇ ಎಂಜಿನಿಯರ್ ಥಾಮಸ್ ಟೆಲ್ಫರ್ಡ್‌ರ 1826ರ ತೂಗುಸೇತುವೆ ಇದೆ, ಅದರ ಪಕ್ಕದಲ್ಲೇ ಸ್ಟೀಫನ್‌ಸನ್‌ರ ಕೊಳವೆ ಸೇತುವೆ. ಒಂದು ರೈಲು ಬರುವವರೆಗಾದರೂ ಅಲ್ಲಿ ನಿಲ್ಲಿ. ಇಡೀ ರೈಲು ಕಬ್ಬಿಣದ ಪೆಟ್ಟಿಗೆಯೊಳಗೆ ನುಗ್ಗಿ ಮಾಯವಾಗುತ್ತದೆ! 1848ರ ಕೊಳವೆಗಳೇ ಇವತ್ತಿಗೂ ರೈಲು ಹೊರುತ್ತಿವೆ. ಕೆಳಗಿನ ಹೆಚ್ಚುವರಿ ಕಂಬಗಳನ್ನು ಆಮೇಲೆ ಕೊಟ್ಟಿದ್ದು.

ಆಮೇಲೆ ಬ್ಯಾಂಗರ್‌ಗೆ ಹೋಗಿ, ಅಲ್ಲಿಂದ ಬಸ್ಸಲ್ಲಿ ಮೆನಾಯ್ ಜಲಸಂಧಿಗೆ, ಅಂದ್ರೆ ವೇಲ್ಸ್‌ಗೂ ಆಂಗಲ್‌ಸೀ ದ್ವೀಪಕ್ಕೂ ನಡುವಿನ ಕಿರಿದಾದ ಸಮುದ್ರಕ್ಕೆ. ಹೊರಡುವ ಮೊದಲು ಅಲ್ಲಿರುವ ಟೆಲ್ಫರ್ಡ್‌ರ ಇನ್ನೊಂದು ತೂಗುಸೇತುವೆ ತೆರೆದಿದೆಯಾ ಅಂತ ವಿಚಾರಿಸಿ, ದುರಸ್ತಿಗೆ ಆಗಾಗ ನಿರ್ಬಂಧ ಇರುತ್ತದೆ. ಅದರ ಮೇಲೆ ನಿಂತು ನೋಡಿದರೆ ದೂರದಲ್ಲಿ ಬ್ರಿಟಾನಿಯಾ ಸೇತುವೆ ಕಾಣುತ್ತದೆ. ಇದೂ ಸ್ಟೀಫನ್‌ಸನ್‌ರು ಕೊಳವೆಯಲ್ಲೇ ಕಟ್ಟಿದ್ದು. ಹಡಗು ಓಡಾಡಲು ಸುಮಾರು 30 ಮೀಟರ್ ಎತ್ತರ ಬೇಕು, ದಾರಿಗೆ ಏನೂ ಅಡ್ಡ ಬರಬಾರದು ಅಂತ ನೌಕಾಪಡೆಯ ಹಟ. ಅದಕ್ಕೇ ಕೊಳವೆಗಳನ್ನು ದಡದಲ್ಲಿ ಕಟ್ಟಿ, ಭರತದ ನೀರಿನಲ್ಲಿ ತೇಲಿಸಿ ತಂದು ಎತ್ತಿದರು. ಎತ್ತುವಾಗ ಒಂದು ಹೈಡ್ರಾಲಿಕ್ ಯಂತ್ರ ಒಡೆಯಿತು. ಕೊಳವೆ ಮೇಲೇರಿದ ಹಾಗೇ ಕೆಳಗಿನ ಜಾಗ ತುಂಬುತ್ತಾ ಹೋಗಿ ಅಂತ ಸ್ಟೀಫನ್‌ಸನ್ ಪಟ್ಟು ಹಿಡಿದಿದ್ದರಿಂದ ಅದು ಕೆಲವೇ ಇಂಚು ಕುಸಿದು ನಿಂತಿತು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಇಲ್ಲೇ.

ಸೇತುವೆ 1850ರಲ್ಲಿ ತೆರೆಯಿತು. 1970ರ ಬೆಂಕಿಯಲ್ಲಿ ಕೊಳವೆಗಳು ಹಾಳಾದವು. ಈಗ ರೈಲಿನ ಮೇಲೆ ರಸ್ತೆ ಇದೆ. ಹಳೇ ಕೊಳವೆಯ ಒಂದು ತುಂಡನ್ನು ಬ್ಯಾಂಗರ್ ಕಡೆಯ ದಡದಲ್ಲಿ ಉಳಿಸಿದ್ದಾರೆ. ಅದನ್ನು ಬಿಡಬೇಡಿ. ಸಾಲುಸಾಲು ರಿವೆಟ್‌ಗಳು ಹತ್ತಿರದಿಂದ ಕಾಣುತ್ತವೆ. ಸೇತುವೆಯ ಎರಡೂ ತುದಿಗಳಲ್ಲಿರುವ ನಾಲ್ಕು ಕಲ್ಲಿನ ಸಿಂಹಗಳು ಮಾತ್ರ ಮೇಲಿನ ರಸ್ತೆಯಿಂದ ಕಾಣಲ್ಲ. ಗಾಳಿ ಜಾಸ್ತಿ, ಜಾಕೆಟ್ ಇರಲಿ. ಕಾಲುದಾರಿ ಕೆಸರಾಗಿರಬಹುದು, ಗಟ್ಟಿ ಶೂ ಹಾಕಿಕೊಳ್ಳಿ.