ಎಷ್ಟು ಹನಿ?

ಇವತ್ತು ನಮ್ಮ ಔಷಧಿ ಅಂಗಡಿ ಕೌಂಟರ್‌ಗೆ ಬಂದ ಪ್ರಶ್ನೆ: "ಈ ಸಿಬಿಡಿ ಎಣ್ಣೆ ಎಷ್ಟು ಹನಿ ತಗೋಬೇಕು?"

ಸಿಬಿಡಿ ಅಂದರೆ ಗಾಂಜಾ ಗಿಡದ, ನಶೆ ಏರಿಸದ ಅಂಶ. ಬಾಟಲಿ ಮೇಲಿದ್ದದ್ದು ಇಷ್ಟೇ. 1500 ಮಿ.ಗ್ರಾಂ, 30 ಮಿ.ಲೀ.
ಅಂದರೆ ಮಿ.ಲೀ.ಗೆ 50 ಮಿ.ಗ್ರಾಂ. ಮಿ.ಲೀ.ಗೆ 20 ಹನಿ ಅಂತ ಹಿಡಿದರೆ ಹನಿಗೆ ಎರಡೂವರೆ.
ಆದರೆ ಎಣ್ಣೆಯ ಹನಿ ನೀರಿನ ಹನಿಯಷ್ಟೇ ಇರಲ್ಲ. ಡ್ರಾಪರ್ ಬದಲಾದರೆ ಲೆಕ್ಕವೂ ಬದಲು. ಗೆರೆ ಇರುವ ಓರಲ್ ಸಿರಿಂಜ್ ಕೊಡೋದೇ ಸರಿ.

ಅದಕ್ಕೂ ಮೊದಲು ನಾವು ಕೇಳಬೇಕಾದ್ದು, ಬೇರೆ ಯಾವ ಮಾತ್ರೆ ನಡೀತಿದೆ ಅಂತ.
ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ವಾರ್ಫರಿನ್ ಇದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಹಿಡಿಯುವ ಸಮಯದ ಅಳತೆ) ಏರಬಹುದು.
ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್ ಇದ್ದರೆ ವಿಪರೀತ ತೂಕಡಿಕೆ. ಲಿವರ್‌ನಲ್ಲಿ ಔಷಧಿ ಒಡೆಯುವ ಸಿವೈಪಿ2ಸಿ19 ಅನ್ನೋ ಕಿಣ್ವವನ್ನು ಸಿಬಿಡಿ ತಡೆಯುತ್ತೆ. ಕ್ಲೋಬಜಾಮ್ ಒಡೆದು ಆಗುವ ಅಂಶ ಹೊರಹೋಗದೆ ರಕ್ತದಲ್ಲಿ ಏರುತ್ತಾ ಹೋಗುತ್ತೆ.
ಫಿಟ್ಸ್‌ನದೇ ಇನ್ನೊಂದು ಮಾತ್ರೆ ವಾಲ್ಪ್ರೊಯೇಟ್ ಜೊತೆಗಿದ್ದರೆ ಲಿವರ್ ಟೆಸ್ಟ್ ಬಿಡೋ ಹಾಗಿಲ್ಲ.
ಊಟದ್ದೂ ಕೇಳಬೇಕು. ಕೊಬ್ಬಿನ ಊಟದ ಜೊತೆ ಸಿಬಿಡಿ ರಕ್ತಕ್ಕೆ ಸೇರುವ ಪ್ರಮಾಣ ನಾಲ್ಕು ಪಟ್ಟಿನಷ್ಟು ಏರಬಹುದು. ಒಂದು ದಿನ ಖಾಲಿ ಹೊಟ್ಟೆ, ಇನ್ನೊಂದು ದಿನ ಊಟದ ಜೊತೆ ಅಂದರೆ ಡೋಸ್ ಒಂದೇ, ಪರಿಣಾಮ ಬೇರೆ.
ಎಳ್ಳಿನ ಅಲರ್ಜಿ? ಎಪಿಡಿಯೊಲೆಕ್ಸ್ ಅನ್ನೋ ಸಿಬಿಡಿ ಔಷಧಿಯಲ್ಲಿ ಎಳ್ಳೆಣ್ಣೆ ಇದೆ.

ಗಾಂಜಾದ ನಶೆಯ ಅಂಶ ಮೆದುಳಲ್ಲಿ ಹೋಗಿ ಕೂರುವ ಸಿಬಿ1 ರಿಸೆಪ್ಟರ್‌ನ ಜೀನ್ ಸಿಕ್ಕಿದ್ದೇ 1990ರಲ್ಲಿ. ಅದಕ್ಕೂ ಮೊದಲು ಓದಿದವರಿಗೆ ಈ ಪಾಠ ಇರಲೇ ಇಲ್ಲ. ಆಮೇಲಿನ ಎಷ್ಟೋ ಜನರಿಗೂ ಗಾಂಜಾ ಅಂದರೆ ದುಶ್ಚಟದ ಅಧ್ಯಾಯದ ಒಂದು ಪುಟ. ನನಗೆ ತುಂಬಾ ಬೇಸರ ಆಗೋದು ಇದಕ್ಕೇ. ತರಬೇತಿಯಲ್ಲಿ ಕಾನೂನು ಹೇಳ್ತಾರೆ, ಸಿರಿಂಜ್ ಕೈಗೆ ಕೊಟ್ಟು ಲೆಕ್ಕ ಮಾಡಿಸಲ್ಲ.

ಟಿಎಚ್‌ಸಿ (ಗಾಂಜಾದ ಆ ನಶೆಯ ಅಂಶ) ಇರುವುದನ್ನು ನುಂಗುವವರಿಗೆ ಇಷ್ಟಾದರೂ ಹೇಳಿ ಕಳಿಸಿ: ಪರಿಣಾಮ ಕಾಣೋಕೆ ಎರಡು ಗಂಟೆ ಆಗಬಹುದು, "ಏನೂ ಆಗ್ಲಿಲ್ಲ" ಅಂತ ಮತ್ತೆ ತಗೋಬೇಡಿ.